ಹುಲಿಗಿ ಹೋಗಲೆಂದು ಬೇಡಿದ ದಿನಗಳು

ಆ ದಿನಗಳಲ್ಲೂ ಬಳ್ಳಾರಿಗೆ ಬೇಸಿಗೆ ಬಂತು ಎಂದು ಯಾರೂ ಹೇಳುತ್ತಿರಲಿಲ್ಲ, ಅದು ಹೋದದ್ದಾದರೂ ಯಾವಾಗ? ಆದರೆ ನಮ್ಮ ಮನೆಯಲ್ಲಿ ಒಂದು ಗುರುತಿತ್ತು. ಅಮ್ಮ ಸಜ್ಜದ ಮೇಲಿನ ಮಣ್ಣಿನ ಗಡಿಗೆ ಇಳಿಸಿ, ತೊಳೆದು, ಅಂಗಳದ ಬೇವಿನ ಮರದ ಬುಡದಲ್ಲಿ ಬೋರಲು ಹಾಕಿದಳೆಂದರೆ ಲೆಂಟ್ ಶುರುವಾಯಿತು ಎಂದರ್ಥ. ಈಸ್ಟರ್ ಹಬ್ಬಕ್ಕೆ ಮುಂಚಿನ ಆ ನಲವತ್ತು ದಿನ ಮನೆಯವರೆಲ್ಲ ತಮಗೆ ಇಷ್ಟವಾದ ಒಂದೊಂದನ್ನು ಬಿಡಬೇಕಿತ್ತು. ಅಪ್ಪ ಚಹಾ ಬಿಡುತ್ತಿದ್ದ, ಬಿಟ್ಟು ಎಲ್ಲರ ಮೇಲೂ ಸಿಡುಕುತ್ತಿದ್ದ. ನಾನು ಸಂಜೆಯ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಿಡುತ್ತಿದ್ದೆ. ಬೇವಿನ ಹೂವಿನ ಘಮದ ಜೊತೆ ಮೂಲೆಯಂಗಡಿಯ ಮಿರ್ಚಿಯ ವಾಸನೆಯೂ ಸೇರಿ ಬರುತ್ತಿದ್ದ ಸಂಜೆಗಳು ನಮ್ಮೂರಿನವರಿಗೆ ನೆನಪಿರುತ್ತವೆ. ಒಂಬತ್ತು ವರ್ಷದ ಹೊಟ್ಟೆಬಾಕಿಯಾದ ನನಗೆ ಅದಕ್ಕಿಂತ ದೊಡ್ಡ ತ್ಯಾಗ ಇನ್ನೊಂದಿರಲಿಲ್ಲ.

ಆ ಗಡಿಗೆ ಇದ್ದುದು ಹಿಡಿ ಅಕ್ಕಿಗೆ. ಅಮ್ಮನ ತವರು ಕುರುಗೋಡು. ಅಲ್ಲಿಂದ ಅಜ್ಜಿ ಕಟ್ಟಿ ಕಳಿಸಿದ್ದ ಗಡಿಗೆ ಅದು. ಅನ್ನಕ್ಕಿಡುವಾಗ ನಮ್ಮ ಮೂವರಿಗೆಂದು ಪಾವಿನಲ್ಲಿ ಅಳೆದುಕೊಂಡ ಅಕ್ಕಿಯಿಂದಲೇ ಅಮ್ಮ ಒಂದು ಹಿಡಿ ತೆಗೆದು ಗಡಿಗೆಗೆ ಹಾಕುತ್ತಿದ್ದಳು. ಚೀಲಕ್ಕೆ ಕೈ ಹಾಕಿ ಬೇರೆಯಾಗಿ ತೆಗೆದು ಹಾಕಿದರೆ ನಡೆಯುತ್ತಿರಲಿಲ್ಲ.

"ನಮ್ಮ ತಾಟಿನಾಗ ಒಂದು ತುತ್ತು ಕಮ್ಮಿ ಆಗಬೇಕು. ಆಗ ಅದು ಕೊಟ್ಟಂಗ" ಎನ್ನುತ್ತಿದ್ದಳು.

ಭಾನುವಾರ ಚರ್ಚಿನಲ್ಲಿ ಎಲ್ಲರ ಗಡಿಗೆಗಳ ಅಕ್ಕಿ ಒಂದು ಚೀಲಕ್ಕೆ ಬೀಳುತ್ತಿತ್ತು. ಮಂಗಳವಾರ, ಶುಕ್ರವಾರ ಚರ್ಚಿನ ಹೆಂಗಸರು ಅದರ ಗಂಜಿ ಕಾಯಿಸಿ ದೊಡ್ಡಾಸ್ಪತ್ರೆಯ ಗೇಟಿನ ಮುಂದೆ ಬಡಿಸುತ್ತಿದ್ದರು. ರೋಗಿಗಳನ್ನು ಒಳಗೆ ಸೇರಿಸಿ, ದಿನಗಟ್ಟಲೆ ಹೊರಗೆ ಮರದ ನೆರಳಲ್ಲಿ ಕೂತಿರುವ ಹಳ್ಳಿಗಳವರಿಗೆ ಆ ಗಂಜಿ. ಅಮ್ಮ ಒಂದು ವಾರವೂ ತಪ್ಪಿಸುತ್ತಿರಲಿಲ್ಲ.

ಆ ವರ್ಷದ ಲೆಂಟಿನ ಎರಡನೇ ಮಂಗಳವಾರ ಖಾಲಿ ಪಾತ್ರೆಯ ಜೊತೆ ಒಬ್ಬ ಹುಡುಗಿಯನ್ನೂ ಕರೆತಂದಳು. ನನಗಿಂತ ಒಂದು ವರ್ಷ ದೊಡ್ಡವಳಿರಬಹುದು. ಬಿಸಿಲಿಗೆ ಕೆಂಪಾದ ಕೂದಲು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಬಾಗಿಲ ಹೊರಗೇ ನಿಂತು ನನ್ನ ಕಾಲಿನ ಗೆಜ್ಜೆಯನ್ನು ನೋಡುತ್ತಿದ್ದಳು.

"ಈಕಿ ಹುಲಿಗೆಮ್ಮ. ಸಿರುಗುಪ್ಪದ ಕಡ್ಯಾಕಿ" ಎಂದಳು ಅಮ್ಮ. "ಇವರವ್ವಗ ಕಾಮಾಲಿ ಭಾಳ ಏರೈತಿ, ದವಾಖಾನಿಗಿ ಹಾಕ್ಯಾರ. ಸೋದರಮಾವ ಒಳಗ ನೋಡ್ಕೊಳ್ಳಾಕತ್ಯಾನ. ಸಣ್ಣ ಹುಡುಗರನ್ನ ವಾರ್ಡಿಗೆ ಬಿಡಂಗಿಲ್ಲಂತ. ಮೂರು ದಿನದಿಂದ ಒಬ್ಬಾಕೀನ ಗಿಡದ ಬುಡಕ್ಕ ಕುಂತಾಳ, ನೋಡು."

"ಎಷ್ಟು ದಿನ ಇರ್ತಾಳ?" ಇದು ನನ್ನ ಮೊದಲ ಮಾತು. ಒಳಗೆ ಬಾ ಎನ್ನಲಿಲ್ಲ, ಊಟವಾಯಿತೇ ಎನ್ನಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಮುಖ ಬಿಸಿಯಾಗುತ್ತದೆ.

"ಇವರವ್ವಗ ಆರಾಮ ಆಗೋ ಮಟ" ಎಂದು ಅಮ್ಮ ನೀರು ಕಾಯಿಸಲು ಹೋದಳು.

ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರ ಹಿಂದಿನ ಎರಡು ಕೋಣೆಗಳೇ ನಮ್ಮ ಬಾಡಿಗೆ ಮನೆ. ಅಪ್ಪ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸಗಾರ. ನಾನು ಒಬ್ಬಳೇ ಮಗಳು. ಅಮ್ಮನ ಎಡಗಡೆಯ ಹಾಸಿಗೆ ನನ್ನದು, ಬೆಳಿಗ್ಗೆ ಅವಳ ಎರಡು ಮಂಡಿಗಳ ನಡುವಿನ ಜಾಗ ನನ್ನದು, ಜಡೆಗೆ ಹಚ್ಚುವ ಎಣ್ಣೆಯೂ ನನ್ನದು. ಅಲ್ಲಿಗೆ ಹುಲಿಗೆಮ್ಮ, ನಮ್ಮ ಬಾಯಲ್ಲಿ ಹುಲಿಗಿ, ಬಂದಳು. ಅಮ್ಮ ಮೊದಲು ಅವಳ ತಲೆಯ ಹೇನು ತೆಗೆದು, ಎಣ್ಣೆ ಹಚ್ಚಿ, ಬಾಚಿ, ಆಮೇಲೆ ನನ್ನನ್ನು ಕರೆಯುತ್ತಿದ್ದಳು. ಅಷ್ಟರಲ್ಲಿ ಶಾಲೆಗೆ ಹೊತ್ತಾಗಿ ನನ್ನ ಜಡೆ ಸೊಟ್ಟಗಾಗುತ್ತಿತ್ತು. ಮೊದಲೆರಡು ದಿನ "ಅಮ್ಮಾರೆ" ಎನ್ನುತ್ತಿದ್ದವಳು ಮೂರನೇ ದಿನಕ್ಕೆ "ಅಮ್ಮಾ" ಎಂದಳು. ತನ್ನ ತಾಯಿಗೆ ಅವಳು "ಅವ್ವ" ಎನ್ನುತ್ತಿದ್ದಳು, ಅದು ಅವಳಿಗಿತ್ತು. ನನಗಿದ್ದುದು ಈ ಒಂದೇ.

ಹೊಟ್ಟೆಕಿಚ್ಚು ಎಂದರೆ ಪೂರ್ತಿ ಹೇಳಿದಂತಾಗುವುದಿಲ್ಲ. ಅದರ ಕೆಳಗೆ ಒಂದು ದಿಗಿಲಿತ್ತು. ಶಾಲೆಯಲ್ಲಿ ಪಾಠ ನಡೆಯುತ್ತಿದ್ದಾಗಲೂ ಮನೆಯಲ್ಲಿ ಈಗ ಏನು ನಡೆಯುತ್ತಿರಬಹುದು, ಅಮ್ಮ ಅವಳಿಗೆ ಏನು ಕೊಡುತ್ತಿರಬಹುದು ಎಂದೇ ಯೋಚನೆ. ಅವಳೋ, ಏನನ್ನೂ ಕೇಳುವವಳಲ್ಲ. ರೊಟ್ಟಿ, ಪುಂಡಿಪಲ್ಯ ಹಾಕಿದಷ್ಟು ತಿಂದು, ತಾಟು ತೊಳೆದಿಟ್ಟು, ಬೇವಿನ ಕೆಳಗೆ ಕೂತು ಐದು ಕಲ್ಲು ಆಡುತ್ತಿದ್ದಳು. ಚೀಲದಲ್ಲಿ ಒಂದು ಲಂಗದ ಜೊತೆ ಅವಳು ತಂದಿದ್ದ ಆಸ್ತಿ ಆ ಹೊಳೆಯ ನುಣುಪು ಕಲ್ಲುಗಳಷ್ಟೇ. ದಿನವೂ ಸಂಜೆ ಅಮ್ಮ ಅವಳನ್ನು ಆಸ್ಪತ್ರೆಯ ತನಕ ಕರೆದೊಯ್ಯುತ್ತಿದ್ದಳು. ಗೇಟಿನ ಹತ್ತಿರ ಮಾವ ಬಂದು ತಾಯಿ ಹೇಗಿದ್ದಾಳೆಂದು ಹೇಳಿ ಒಳಗೆ ಹೋಗುತ್ತಿದ್ದ.

ಒಂದು ದಿನ ಅಮ್ಮ ಅನ್ನಕ್ಕಿಡುವಾಗ ಕೇಳಿಯೇಬಿಟ್ಟೆ. "ಅಮ್ಮಾ, ಹುಲಿಗಿ ನಮ್ಮನ್ಯಾಗ ಉಣ್ಣಾಕತ್ಯಾಳಲ್ಲ. ಇನ್ನ ಹಿಡಿ ಅಕ್ಕಿ ಯಾಕ ತೆಗೀತಿ?"

ಅಮ್ಮ ಹಿಡಿ ತೆಗೆದು ಗಡಿಗೆಗೆ ಸುರಿದೇ ಉತ್ತರ ಕೊಟ್ಟಳು. "ಇದು ಹೊರಗಿನೋರಿಗಿ. ಆಕಿ ಮನಿಯಾಕಿ."

ಮನೆಯಾಕೆ! ಹಾಗಾದರೆ ಇವಳು ಹೋಗುವುದೇ ಇಲ್ಲ. ಸಾಲದ್ದಕ್ಕೆ ಆ ಸಂಜೆ ನನ್ನ ಈಸ್ಟರ್ ಫ್ರಾಕಿಗೆಂದು ತೆಗೆದಿಟ್ಟಿದ್ದ ಬಿಳಿ ಬಟ್ಟೆಯನ್ನು ಅಮ್ಮ ಚಾಪೆಯ ಮೇಲೆ ಹರಡಿ, ಅಳತೆ ಹಿಡಿದು, ನಡುವೆ ಕತ್ತರಿ ಆಡಿಸಿದಳು. ಎರಡು ಫ್ರಾಕಿಗೆ ಉದ್ದ ಸಾಲಲಿಲ್ಲ. ಅಪ್ಪ ಕಾರ್ಖಾನೆಯಿಂದ ಜೀನ್ಸ್ ಚೂರುಗಳನ್ನು ತಂದು, "ಕೆಳಗ ಅಂಚು ಹಚ್ಚು, ಫ್ಯಾಷನ್ ಆಗ್ತೈತಿ" ಎಂದು ನಕ್ಕ. ನಾನು ಎದ್ದು ಅಂಗಳಕ್ಕೆ ಹೋದೆ.

ಭಾನುವಾರ ಸಂಡೇ ಸ್ಕೂಲಿನಲ್ಲಿ ರತ್ನಮ್ಮ ಟೀಚರ್ ಯೇಸುಸ್ವಾಮಿ ಹೇಳಿದ ಕಥೆಯೊಂದನ್ನು ತಮ್ಮ ಮಾತಿನಲ್ಲಿ ಹೇಳಿದರು. "ಕುರುಗೋಡಿನಿಂದ ಬಳ್ಳಾರಿಗೆ ಒಬ್ಬಾತ ನಡಕೊಂಡು ಬರಾಕತ್ತಾನ ಅನ್ಕೊಳ್ರಿ. ಕಳ್ಳರು ಹೊಡದು ಹಳ್ಳಕ್ಕ ದಬ್ಬಿ ಹೋದ್ರು. ದೊಡ್ಡ ಮನುಷ್ಯಾರು ಇಬ್ರು ನೋಡಿ ನೋಡದಂಗ ಹೋದ್ರು. ಮೂರನೆಯಾತ ಬ್ಯಾರೆ ಜನದಾತ, ಇವರಿಗಿ ಅವರಿಗಿ ಮಾತುಕತಿನೂ ಇಲ್ಲ. ಆತ ನಿಂತ. ಗಾಯಕ್ಕ ಎಣ್ಣಿ ಹಚ್ಚಿ, ಎತ್ತಿಕೊಂಡು ಹೋಗಿ, ಒಂದು ಛತ್ರದಾಗ ಮಲಗಿಸಿ, ಇವನ್ನ ಚೆಂದಾಗಿ ನೋಡ್ಕೊಳ್ರಿ ಅಂದ." ಇವರಲ್ಲಿ ಯಾರಂತೆ ಇರಬೇಕು ಎಂದು ಕೇಳಿದಾಗ ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ, ಆದರೆ ನನ್ನದು ಪ್ರಶ್ನೆ.

"ಟೀಚರ್, ಛತ್ರದಾತಗ ಮಗಳು ಇದ್ದಳೇನ್ರಿ?"

"ಯಾಕಮ್ಮ?"

"ಆತನ್ನ ಮಲಗಿಸಿದ ಮ್ಯಾಗ ಆಕಿ ಎಲ್ಲಿ ಮಲಗಿದ್ಲು?"

ಹುಡುಗರೆಲ್ಲ ಗೊಳ್ಳೆಂದರು. ಟೀಚರ್ "ಅದನ್ನ ಬರದಿಲ್ಲವ್ವ" ಎಂದು ಮುಂದೆ ಹೋದರು.

ನಮ್ಮ ಮನೆಯಲ್ಲಿ ದಿನವೂ ದೀಪ ಹಚ್ಚುವ ಹೊತ್ತಿಗೆ ಚಾಪೆ ಹಾಸಿ ಪ್ರಾರ್ಥನೆ. ಎಲ್ಲರಿಗಿಂತ ಚಿಕ್ಕವರು ಮೊದಲು, ಒಬ್ಬೊಬ್ಬರು ಒಂದೊಂದು ಮಾತು ಗಟ್ಟಿಯಾಗಿ ಬೇಡಿಕೊಳ್ಳಬೇಕು, ಉಳಿದವರು ಆಮೆನ್ ಎನ್ನಬೇಕು. ಹುಲಿಗಿ ಗೋಡೆಗೆ ಒರಗಿ ಕೂತು ಸುಮ್ಮನೆ ನೋಡುತ್ತಿದ್ದಳು. ಆ ಭಾನುವಾರ ಸಂಜೆ ಅಮ್ಮ ಅವಳಿಗೆ, "ನೀನೂ ಏನರ ಬೇಡ್ಕೊಬೇಕು ಅನಿಸಿದ್ರ ಬೇಡ್ಕೊಳವ್ವ. ನಿನಗ ಗೊತ್ತಿದ್ದ ದೇವರಿಗೇ ಬೇಡ್ಕ" ಎಂದಳು.

ಮೊದಲ ಸರದಿ ನನ್ನದು. "ಸ್ವಾಮಿ, ಹುಲಿಗಿ ಅವ್ವಗ ಆರಾಮ ಮಾಡು" ಎಂದೆ, ಎಲ್ಲರಿಗೂ ಕೇಳಿಸುವ ಹಾಗೆ. ಅಮ್ಮ ನನ್ನ ಬೆನ್ನು ಸವರಿದಳು.

ಹುಲಿಗಿ ಕೈ ಮುಗಿದು ಕಣ್ಣು ಬಿಗಿಯಾಗಿ ಮುಚ್ಚಿ, ತನಗೆ ಹೆಸರು ಕೊಟ್ಟ ದೇವಿಯನ್ನು ಕರೆದಳು. "ತಾಯಿ ಹುಲಿಗೆಮ್ಮ, ನಮ್ಮವ್ವನ್ನ ಉಳಸವ್ವ" ಎಂದು, ಆಮೇಲೂ ತುಟಿ ಅಲುಗಿಸುತ್ತ ಏನನ್ನೋ ಬೇಡುತ್ತಿದ್ದಳು. ಅಪ್ಪ ಒಂದು ಕಣ್ಣು ತೆರೆದು ಅಮ್ಮನ ಕಡೆ ನೋಡಿದ. ಅಮ್ಮ ತಲೆ ತಗ್ಗಿಸಿಕೊಂಡೇ, "ಆಮೆನ್" ಎಂದಳು. ಅಪ್ಪನೂ ಎಂದ.

ನಾನು ಅನ್ನಲಿಲ್ಲ. ಮನಸ್ಸಿನಲ್ಲಿ ಬೇಡುವುದು ದೇವರಿಗೆ ಇನ್ನೂ ಬೇಗ ಕೇಳಿಸುತ್ತದೆ ಎಂದು ರತ್ನಮ್ಮ ಟೀಚರ್ ಹೇಳಿದ್ದರು. ಎಲ್ಲರೂ ಕಣ್ಣು ಮುಚ್ಚಿದ್ದಾಗ ನಾನು ಒಳಗೊಳಗೇ ಬೇಡಿದೆ: ಸ್ವಾಮಿ, ಈಕಿ ನಮ್ಮ ಮನಿಯಿಂದ ಹೋಗ್ಲಿ. ಹೆಂಗಾದರೂ ಹೋಗ್ಲಿ.

ಮರುದಿನ ಸಂಜೆ ಆಸ್ಪತ್ರೆಯಿಂದ ಬಂದ ಅಮ್ಮನ ಮುಖ ಸಪ್ಪಗಿತ್ತು. ಹುಲಿಗಿಯನ್ನು ಅಂಗಳದಲ್ಲಿ ಬಿಟ್ಟು ಒಳಗೆ ಬಂದು ಅಪ್ಪನಿಗೆ ಮೆಲ್ಲಗೆ ಹೇಳಿದಳು. ನಾನು ಬಾಗಿಲ ಹಿಂದಿದ್ದೆ.

"ಇವರವ್ವನ್ನ ಬ್ಯಾರೆ ಕೋಣಿಗಿ ಒಯ್ದಾರ. ಎಚ್ಚರ ಇಲ್ಲಂತ. ಡಾಕ್ಟ್ರು ಏನೂ ಹೇಳಾಂಗಿಲ್ಲ ಅಂದ್ರಂತ."

"ಈ ಹುಡುಗಿ ಗತಿ?" ಎಂದ ಅಪ್ಪ.

"ಊರಿಗಿ ಒಯ್ತೀನಿ ಅಂತಾನ ಮಾವ. ಹಂಗೇನರ ಆದ್ರ."

ಹಂಗೇನಾದರೂ ಆದರೆ ಅವಳು ಹೋಗುತ್ತಾಳೆ. ನಾನು ಬೇಡಿದ್ದೂ ಅದನ್ನೇ ಅಲ್ಲವೇ, ಹೆಂಗಾದರೂ ಎಂದು? ಗಟ್ಟಿಯಾಗಿ ಬೇಡಿದ್ದನ್ನು ಬಿಟ್ಟು ಒಳಗೆ ಬೇಡಿದ್ದನ್ನೇ ದೇವರು ಕೇಳಿಸಿಕೊಂಡುಬಿಟ್ಟಿದ್ದಾನೆ. ಅವತ್ತಿನಿಂದ ನನಗೆ ಊಟ ರುಚಿಸಲಿಲ್ಲ. ಮಿರ್ಚಿ ವಾಸನೆಯೂ ಮೂಗಿಗೆ ಬೀಳುತ್ತಿರಲಿಲ್ಲ. ಗೇಟಿನ ಚಿಲಕ ಸದ್ದಾದರೆ ಸಾಕು, ಸುದ್ದಿ ಬಂತು ಎಂದು ಬಾಗಿಲಿಗೆ ಓಡುತ್ತಿದ್ದೆ.

ಬುಧವಾರ ಶಾಲೆಯಿಂದ ಬರುವಾಗ ರತ್ನಮ್ಮ ಟೀಚರ ಮನೆಗೆ ಓಡಿದೆ. ಅವರು ಹಪ್ಪಳ ಒಣಹಾಕುತ್ತಿದ್ದರು.

"ಟೀಚರ್, ಒಮ್ಮೆ ಬೇಡಿಕೊಂಡಿದ್ದನ್ನ ವಾಪಸ್ ತಗೋಬಹುದೇನ್ರಿ?"

"ಏನ್ ಬೇಡಿದ್ದೀಯೇ ಹುಡುಗಿ? ಸೈಕಲ್ ಏನು?" ಎಂದು ನಕ್ಕರು. ಒಂದು ಹಸಿ ಹಪ್ಪಳದ ಹಿಟ್ಟಿನ ಉಂಡೆ ಕೈಗಿಟ್ಟು ಕಳಿಸಿದರು. ಅದನ್ನು ತಂದು ಹುಲಿಗಿಗೆ ಕೊಟ್ಟೆ.

ಆ ವಾರವೆಲ್ಲ ಹುಲಿಗಿಗೆ ಕೊಟ್ಟದ್ದೇ ಕೊಟ್ಟದ್ದು. ನನ್ನ ಬಣ್ಣದ ಪೆನ್ಸಿಲು, ರಿಬ್ಬನ್ನು, ಅಮ್ಮನ ಮಂಡಿಗಳ ನಡುವಿನ ನನ್ನ ಸರದಿ. ಅಮ್ಮ ಅಪ್ಪನಿಗೆ, "ನೋಡ್ರಿ, ನಮ್ಮ ಹುಡುಗಿಗಿ ಎಷ್ಟು ಕರುಣಿ ಬಂದೈತಿ" ಎಂದಳು. ಅದು ಕರುಣೆಯಾಗಿರಲಿಲ್ಲ, ಬರೀ ಹೆದರಿಕೆ. ಹುಲಿಗಿ ಎಲ್ಲವನ್ನೂ ತೆಗೆದುಕೊಂಡು ನನಗೆ ಐದು ಕಲ್ಲು ಆಡುವುದನ್ನು ಕಲಿಸಿದಳು. ಮೇಲೆ ಹಾರಿದ ಕಲ್ಲಿನ ಮೇಲೇ ಕಣ್ಣಿಡಬೇಕು, ಕೆಳಗಿನವನ್ನು ಕೈ ತಾನೇ ಹುಡುಕಿಕೊಳ್ಳುತ್ತದೆ ಎಂದಳು. ನನ್ನ ಕೈಯಿಂದ ಕಲ್ಲೆಲ್ಲ ಜಾರಿ ಬೀಳುತ್ತಿದ್ದವು.

ಈಸ್ಟರಿನ ಹಿಂದಿನ ವಾರದ ಗರಿಗಳ ಭಾನುವಾರಕ್ಕೆ ಎರಡು ದಿನ ಇತ್ತು. ಶುಕ್ರವಾರ ನಾನು ಪರೀಕ್ಷೆ ಮುಗಿಸಿ ಬಂದಾಗ ಮನೆಗೆ ಬೀಗ. ಕೀಲಿಕೈ ಪಕ್ಕದ ಮನೆಯ ಖೈರುನ್ ಬೀ ಹತ್ತಿರ ಇತ್ತು.

"ಆ ಹುಡುಗಿ ಮಾವ ಬಂದಿದ್ನಮ್ಮ, ಓಡ್ಕೋತ. ಕಣ್ಣಾಗ ನೀರು. ಹುಡುಗೀನ ಎಳಕೊಂಡೇ ಹೋದ. ನಿಮ್ಮಮ್ಮನೂ ಹಿಂದಿಂದ ಹೋದ್ರು" ಎಂದರು.

ಒಳಗೆ ಅವಳ ಹಾಸಿಗೆ ಸುತ್ತಿಟ್ಟಿತ್ತು, ಪ್ಲಾಸ್ಟಿಕ್ ಚೀಲ ಗೂಟದಲ್ಲಿರಲಿಲ್ಲ. ಐದು ಕಲ್ಲುಗಳೂ ಇರಲಿಲ್ಲ. ಮುಗಿದೇ ಹೋಯಿತು ಎಂದುಕೊಂಡೆ. ನಾನು ಬೇಡಿದ್ದು ಬೇಡಿದ ಹಾಗೇ ಆಗಿತ್ತು. ಮನೆ ಮತ್ತೆ ನನ್ನದಾಗಿತ್ತು, ನನಗೆ ಆ ಮನೆಯೊಳಗೆ ನಿಲ್ಲಲು ಭಯವಾಗುತ್ತಿತ್ತು.

ಏನು ಮಾಡಲಿ? ಅಡುಗೆಮನೆಯಲ್ಲಿ ಗಡಿಗೆ ಕಂಡಿತು. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಗಡಿಗೆಗೆ ಸುರಿದೆ. ಸ್ವಾಮಿ, ನಾನು ಹಂಗ ಬೇಡಿಲ್ಲ. ಇನ್ನೊಂದು ಹಿಡಿ. ಆಕಿ ಇಲ್ಲೇ ಇರ್ಲಿ. ಇನ್ನೊಂದು. ನನ್ನ ಫ್ರಾಕೂ ಆಕಿಗೇ ಕೊಡ್ತೀನಿ. ಗಡಿಗೆ ತುಂಬಿತು, ತುಂಬಿದ ಮೇಲೂ ಹಾಕಿದೆ. ಅಕ್ಕಿ ಚೆಲ್ಲಿ ಒಲೆಯ ಕೆಳಗೆಲ್ಲ ಹರಡಿತು. ಬಿಸಿಲು ಇಳಿಯುವ ತನಕ ಹಾಗೇ ಹಾಕುತ್ತಿದ್ದೆ ಎಂದು ಕಾಣುತ್ತದೆ.

ಅಮ್ಮ ಬಂದು ಬಾಗಿಲಲ್ಲಿ ನಿಂತಳು. "ಏನಿದು? ಇದು ಯಾರ ಪಾಲಿಂದು?"

"ಆಕಿ ಅವ್ವ ಸತ್ತಳೇನಮ್ಮ?" ಎಂದೆ. ಅಮ್ಮ ಉತ್ತರ ಕೊಡುವಷ್ಟು ಬಿಡಲಿಲ್ಲ, ಅಳುತ್ತಲೇ ಎಲ್ಲ ಹೇಳಿಬಿಟ್ಟೆ. ಒಳಗೊಳಗೆ ಬೇಡಿದ್ದು, ಹೆಂಗಾದರೂ ಎಂದದ್ದು, ಟೀಚರ್ ನಕ್ಕದ್ದು, ಪೆನ್ಸಿಲು ಕೊಟ್ಟದ್ದು.

ಅಮ್ಮ ಅಕ್ಕಿಯ ನಡುವೆಯೇ ಕೂತಳು. ನನ್ನನ್ನು ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಚೆಲ್ಲಿದ ಅಕ್ಕಿಯನ್ನು ಮೊರಕ್ಕೆ ಬಳಿಯತೊಡಗಿದಳು.

"ಆಕಿಗಿ ಎಚ್ಚರಾಗೈತಿ. ಕಣ್ಣು ಬಿಟ್ಟಾಕಿನ ಮಗಳು ಎಲ್ಲಿ ಅಂದ್ಲಂತ. ಇವತ್ತು ಒಳಗ ಬಿಟ್ರು. ಹುಲಿಗಿ ಒಂದು ದಿನ ಅವ್ವನ ಹಂತ್ಯಾಕ ಇರ್ತಾಳ, ನಾಳಿ ಬರ್ತಾಳ."

ಜೀವ ಬಂದಂತಾಗಿ ನಾನು ಇನ್ನೂ ಜೋರಾಗಿ ಅತ್ತೆ. ಅಮ್ಮ ಅಳು ಮುಗಿಯುವ ತನಕ ಕಾದಳು. ಗಡಿಗೆಗೆ ನಾನು ಹಾಕಿದ್ದ ಅಕ್ಕಿಯನ್ನೆಲ್ಲ ಮತ್ತೆ ಚೀಲಕ್ಕೆ ಸುರಿದಳು.

"ನನಗ ಹೇಳಿದ್ದು ಸಾಕಾಗಂಗಿಲ್ಲ. ನೀ ಬೇಡಿದ್ದು ಆಕಿ ವಿಷಯ. ನಾಳಿ ಆಕಿಗೇ ಹೇಳು."

ಅಷ್ಟು ಕಟುವಾಗಿ ಅಮ್ಮ ನನ್ನೊಡನೆ ಎಂದೂ ಮಾತಾಡಿರಲಿಲ್ಲ.

ಮರುದಿನ ಹುಲಿಗಿ ಬಂದಳು. ಬೇವಿನ ಕೆಳಗೆ ಕೂತು ಕಲ್ಲು ಹರಡಿದಳು. ನಾನು ಎದುರಿಗೆ ಕೂತೆ. ಅವಳು ನನಗೆ ಬೈಯಬಹುದು, ಹೊಡೆಯಬಹುದು, ಅಮ್ಮನ ಕೈ ಹಿಡಿದು ಹೊರಟುಹೋಗಬಹುದು.

"ಹುಲಿಗಿ, ನೀ ನಮ್ಮನಿಯಿಂದ ಹೋಗ್ಲಿ ಅಂತ ಬೇಡಿದ್ದೆ ನಾನು."

ಅವಳ ಕಣ್ಣು ಮೇಲೆ ಹಾರಿದ ಕಲ್ಲಿನ ಮೇಲಿತ್ತು. ಅದನ್ನು ಹಿಡಿದು ಹೇಳಿದಳು, "ನಾನೂ ದಿನಾ ಅದನ್ನ ಬೇಡ್ತಿದ್ದೆ."

"ಏನು?"

"ಇಲ್ಲಿಂದ ಹೋಗ್ಬೇಕು ಅಂತ. ನಿಮ್ಮಮ್ಮ ಚೊಲೋ ಅದಾಳ. ಆದ್ರ ನನಗ ನಮ್ಮವ್ವ ಬೇಕಲ್ಲ."

"ನಾನು ಹೆಂಗಾದರೂ ಹೋಗ್ಲಿ ಅಂದಿದ್ದೆ" ಎಂದೆ. ಅದನ್ನು ಹೇಳದೆ ಉಳಿಸಿಕೊಳ್ಳಲು ಆಗಲಿಲ್ಲ.

ಆಗ ಅವಳು ಕಲ್ಲು ಕೆಳಗಿಟ್ಟು ನನ್ನನ್ನು ನೋಡಿದಳು. "ಹಂಗ ಬೇಡಬಾರದು" ಎಂದಳು, ತಂಗಿಗೆ ಲೆಕ್ಕ ತಪ್ಪಿದ್ದನ್ನು ತಿದ್ದುವ ಅಕ್ಕನ ಹಾಗೆ. "ನಾನು ಅವ್ವನ ಕೂಡ ಹೋಗ್ಬೇಕು ಅಂತಿದ್ದೆ. ಮುಂದ ಬೇಡಿದ್ರ ಹಂಗ ಬೇಡು." ಆಮೇಲೆ ಐದೂ ಕಲ್ಲುಗಳನ್ನು ನನ್ನ ಕಡೆ ತಳ್ಳಿ, "ನಿನ್ನ ಆಟ" ಎಂದಳು.

ಇನ್ನೂ ಐದು ದಿನ ಹುಲಿಗಿ ನಮ್ಮಲ್ಲಿದ್ದಳು. ಆ ಐದು ಸಂಜೆಯೂ ನಾವಿಬ್ಬರೂ ಒಟ್ಟಿಗೆ, ಗಟ್ಟಿಯಾಗಿ, ಅವಳು ಅವ್ವನ ಕೂಡ ಹೋಗಲಿ ಎಂದು ಬೇಡಿದೆವು. ಅವಳು ತನ್ನ ತಾಯಿ ಹುಲಿಗೆಮ್ಮನಿಗೆ, ನಾನು ನನ್ನ ಸ್ವಾಮಿಗೆ. ಈಸ್ಟರಿಗೆ ಮೂರು ದಿನ ಇದ್ದಾಗ ಸಿರುಗುಪ್ಪದ ಬಸ್ಸು ಹತ್ತಿದಳು. ಅವ್ವ ಹಳದಿ ಕಣ್ಣಿನ, ಕಡ್ಡಿಯಂಥ ಹೆಂಗಸು. ಅಮ್ಮನ ಎರಡು ಕೈಗಳನ್ನೂ ಕಣ್ಣಿಗೊತ್ತಿಕೊಂಡಳು. ಹುಲಿಗಿ ಜೀನ್ಸ್ ಅಂಚಿನ ಬಿಳಿ ಫ್ರಾಕು ತೊಟ್ಟಿದ್ದಳು. ಕಿಟಕಿಯಿಂದ ಕೈ ಚಾಚಿ ಒಂದು ಕಲ್ಲು ಕೊಟ್ಟಳು. ನಾಲ್ಕರಲ್ಲಿ ಆಟ ಹೇಗೆ ಆಡುತ್ತಾಳೋ ಎಂದು ನನಗೆ ಆಗಲೂ ಚಿಂತೆಯಾಯಿತು. ಅವತ್ತು ಅಮ್ಮನ ಎಡಗಡೆ, ಬಲಗಡೆ ಎರಡೂ ನನ್ನವೇ ಆದವು, ಆದರೂ ನಿದ್ದೆ ಬೇಗ ಬರಲಿಲ್ಲ.

ಆ ವರ್ಷ ಸುಗ್ಗಿಯಾದ ಮೇಲೆ ಅವಳ ಮಾವ ಒಂದು ಚೀಲ ಹೊಸ ಅಕ್ಕಿ ತಂದು ಅಂಗಳದಲ್ಲಿಳಿಸಿ ಹೋದ. ಆಮೇಲೆ ನಾವು ಮನೆ ಬದಲಿಸಿದೆವು. ಹುಲಿಗಿಯ ಸುದ್ದಿ ಮತ್ತೆ ಸಿಗಲಿಲ್ಲ.

ಈಗ ನಾನು ಬಳ್ಳಾರಿಯಲ್ಲೇ, ಪಾರ್ವತಿನಗರದಲ್ಲಿದ್ದೇನೆ. ಅಮ್ಮ ತೀರಿಕೊಂಡು ಕೆಲವು ವರ್ಷವಾಯಿತು. ಗಡಿಗೆ ನನ್ನ ಬಳಿ ಇದೆ, ವರಾಂಡದಲ್ಲಿ, ಅದರಲ್ಲಿ ಮನಿಪ್ಲಾಂಟ್ ಬೆಳೆದಿದೆ. ಲೆಂಟಿನಲ್ಲಿ ನನ್ನ ಪಾಲಿನ ದುಡ್ಡನ್ನು ಫೋನಿನಲ್ಲೇ ಚರ್ಚಿಗೆ ಕಳಿಸಿಬಿಡುತ್ತೇನೆ, ನಮ್ಮ ತಟ್ಟೆಯಲ್ಲಿ ಒಂದು ಅಗುಳೂ ಕಡಿಮೆಯಾಗುವುದಿಲ್ಲ. ಬಾಗಿಲಿಗೆ ಕಬ್ಬಿಣದ ಗ್ರಿಲ್ ಇದೆ, ಅದರ ಮೇಲೆ ಕ್ಯಾಮೆರಾ. ಮಗಳಿಗೆ ಅವಳದೇ ಕೋಣೆ ಇದೆ.

ಹೋದ ತಿಂಗಳು ಸ್ಕೂಟರಿನಲ್ಲಿ ಅದೇ ದೊಡ್ಡಾಸ್ಪತ್ರೆಯ ಮುಂದೆ ಹೋಗುತ್ತಿದ್ದೆ. ಮರದ ಕೆಳಗೆ ಒಬ್ಬ ಹುಡುಗಿ ಪ್ಲಾಸ್ಟಿಕ್ ಚೀಲ ಮಡಿಲಲ್ಲಿಟ್ಟುಕೊಂಡು ಒಬ್ಬಳೇ ಕೂತಿದ್ದಳು. ಸ್ಕೂಟರ್ ನಿಧಾನ ಮಾಡಿದೆ. ಯಾರ ಮಗುವೋ, ಕರೆದೊಯ್ದರೆ ಯಾರು ಏನನ್ನುತ್ತಾರೋ, ಮನೆಯಲ್ಲಿ ಮಗಳ ಪರೀಕ್ಷೆ ಬೇರೆ ಎಂದೆಲ್ಲ ಅನ್ನಿಸಿ, ಹಿಂದಿನ ಆಟೋದವನು ಹಾರ್ನ್ ಹೊಡೆದದ್ದೇ ನೆಪವಾಗಿ ಮುಂದೆ ಹೋದೆ. ಸಂಜೆ ಪ್ರಾರ್ಥನೆಗೆ ಕೂತು ಕಣ್ಣು ಮುಚ್ಚಿದೆ. ಒಂಬತ್ತು ವರ್ಷದ ನನಗಿದ್ದ ಆ ದಿಗಿಲನ್ನು ಒಳಗೆಲ್ಲ ಹುಡುಕಿದೆ, ಸಿಗಲಿಲ್ಲ. ಈಕೆ ನಮ್ಮ ಮನೆಯಿಂದ ಹೋಗಲಿ ಎಂದು ನಾನೀಗ ಯಾರ ಬಗ್ಗೆಯೂ ಬೇಡಬೇಕಾಗಿಲ್ಲ. ಯಾರೂ ಒಳಗೆ ಬಂದಿಲ್ಲ.